ಸಿಂಹಮೀನು ಅಪ್ಪನ ಕೆರೆಯಲ್ಲಿ ಬದುಕುತ್ತದಾ?

ಪ್ರಶ್ನೆ: ಸರ್, ನಾನು ಕಲಬುರಗಿಯವನು. ಮನೆಯಲ್ಲಿ ಗೋಲ್ಡ್‌ಫಿಶ್, ಗಪ್ಪಿ, ಟ್ಯಾಂಕ್ ಕ್ಲೀನರ್ ಮೀನು ಸಾಕುತ್ತಿದ್ದೇನೆ. ಈಗ ಸಮುದ್ರದ ಮೀನು ಸಾಕಬೇಕು ಅಂತ ಆಸೆ. ಹೈದರಾಬಾದಿನಿಂದ ಲಯನ್‌ಫಿಶ್, ಅಂದರೆ ಸಿಂಹಮೀನು, ತರಿಸಿಕೊಡುತ್ತೇವೆ ಅಂತ ಅಂಗಡಿಯವರು ಹೇಳಿದ್ದಾರೆ. ಅಷ್ಟರಲ್ಲಿ ಗೆಳೆಯನೊಬ್ಬ ಒಂದು ವಿಡಿಯೋ ಕಳಿಸಿದ. ಅಮೆರಿಕದಲ್ಲಿ ಯಾರೋ ಮನೆಯ ತೊಟ್ಟಿಯಿಂದ ಬಿಟ್ಟ ಈ ಮೀನು ಸಮುದ್ರವನ್ನೇ ಹಾಳು ಮಾಡಿದೆಯಂತೆ. ಇದು ನಿಜವೇ? ಒಂದು ಮೀನು ಅಷ್ಟು ದೂರ ಹಬ್ಬುವುದು ಹೇಗೆ? ನಾಳೆ ನನಗೆ ಸಾಕಲು ಆಗದೆ ನಮ್ಮೂರಿನ ಅಪ್ಪನ ಕೆರೆಗೆ ಬಿಟ್ಟರೆ ಇಲ್ಲೂ ಹಾಗೇ ಆಗುತ್ತದಾ? ಅದರ ಮುಳ್ಳು ಚುಚ್ಚಿದರೆ ಮನುಷ್ಯ ಸಾಯುತ್ತಾನಾ?

ಉತ್ತರ:

ಮೊದಲು ಕೆರೆಯ ಮಾತು ಮುಗಿಸೋಣ. ಲಯನ್‌ಫಿಶ್ ಅಪ್ಪನ ಕೆರೆಯಲ್ಲಿ ಬದುಕುವುದಿಲ್ಲ. ಭೀಮಾ ನದಿಯಲ್ಲೂ ಬದುಕುವುದಿಲ್ಲ, ಬೀದರಿನ ಕಾರಂಜಾ ಜಲಾಶಯದಲ್ಲೂ ಇಲ್ಲ. ಅದು ಉಪ್ಪುನೀರಿನ ಮೀನು. ಸಿಹಿನೀರಿಗೆ ಬಿಟ್ಟರೆ ಒದ್ದಾಡಿ ಸಾಯುತ್ತದೆ. ಆದರೆ ನಿಮ್ಮ ಪತ್ರ ಓದಿ ನನಗೆ ಗಾಬರಿ ಆಗಿದ್ದು ಲಯನ್‌ಫಿಶ್ ಹೆಸರಿಗಲ್ಲ. ನೀವು ಸುಮ್ನೆ ಹೆಸರು ಹೇಳಿ ಮುಂದೆ ಹೋದಿರಲ್ಲ, ಆ ಟ್ಯಾಂಕ್ ಕ್ಲೀನರ್‌ಗೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಲಯನ್‌ಫಿಶ್ ಕಥೆ ಪೂರ್ತಿ ಕೇಳಿದರೆ ಆ ಗಾಬರಿ ಯಾಕೆ ಅಂತ ನಿಮಗೂ ಗೊತ್ತಾಗುತ್ತದೆ.

ವಿಡಿಯೋದಲ್ಲಿ ಹೇಳಿರುವುದು ಬಹುಪಾಲು ನಿಜ. ಆದರೆ ಆ ಮೀನನ್ನು ರಾಕ್ಷಸನ ಹಾಗೆ ತೋರಿಸಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಸಿಂಹಮೀನು ನಮ್ಮದೇ ಸಮುದ್ರದ ಮೀನು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯುವವರು ಅದನ್ನು ಕಲ್ಲುಗಳ ಸಂದಿಯಲ್ಲಿ ನೋಡುತ್ತಾರೆ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದೆ. ಇಲ್ಲಿ ಅದು ಯಾರಿಗೂ ತೊಂದರೆಯಾಗಿಲ್ಲ. ಸಾವಿರಾರು ಜಾತಿಯ ಮೀನುಗಳ ನಡುವೆ ಅದೂ ಒಂದು, ಅಷ್ಟೇ.

ಅಟ್ಲಾಂಟಿಕ್ ಸಾಗರದಲ್ಲಿ ಹಬ್ಬಿರುವುದು ಇದರ ಎರಡು ಜಾತಿ. ಒಂದು ಟೆರಾಯ್ಸ್ ವೊಲಿಟನ್ಸ್, ಇನ್ನೊಂದು ಟೆರಾಯ್ಸ್ ಮೈಲ್ಸ್. ಮೊದಲನೆಯದರ ತವರು ಮುಖ್ಯವಾಗಿ ಪಶ್ಚಿಮ ಪೆಸಿಫಿಕ್, ಎರಡನೆಯದು ಹಿಂದೂ ಮಹಾಸಾಗರ ಮತ್ತು ಕೆಂಪು ಸಮುದ್ರದ್ದು. ಕಣ್ಣಿಗೆ ಎರಡೂ ಒಂದೇ ಥರ. ಮೈಮೇಲೆ ಕೆಂಪು, ಕಂದು, ಬಿಳಿ ಪಟ್ಟೆ, ಬೀಸಣಿಗೆಯ ಹಾಗೆ ಹರಡುವ ಪಕ್ಕದ ರೆಕ್ಕೆಗಳು, ಬೆನ್ನ ಮೇಲೆ ಉದ್ದುದ್ದ ಮುಳ್ಳು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಿಡಿದ ಮೀನುಗಳ ಡಿಎನ್‌ಎ ನೋಡಿದಾಗ ಸುಮಾರು 93% ಮೊದಲ ಜಾತಿ, ಉಳಿದ 7% ಎರಡನೆಯದು ಅಂತ ಗೊತ್ತಾಯಿತು.

ಇದು ಬೇಟೆಯಾಡುವ ರೀತಿ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲಯನ್‌ಫಿಶ್ ಓಡಿ ಹಿಡಿಯುವ ಮೀನಲ್ಲ. ಅದಕ್ಕೆ ಅವಸರ ಅನ್ನುವುದೇ ಇಲ್ಲ. ಮುಂಜಾನೆ ಮತ್ತು ಸಂಜೆಯ ಮಬ್ಬು ಬೆಳಕಿನಲ್ಲಿ ನಿಧಾನಕ್ಕೆ ತೇಲುತ್ತಾ ಬರುತ್ತದೆ. ಪಕ್ಕದ ರೆಕ್ಕೆಗಳನ್ನು ಅಗಲ ಮಾಡಿ ಸಣ್ಣ ಮೀನನ್ನು ಕಲ್ಲಿನ ಮೂಲೆಗೆ ಸೇರಿಸುತ್ತದೆ. ಹತ್ತಿರ ಬಂದು ಬಾಯಿಂದ ನೀರನ್ನು ಪಿಚಕಾರಿಯಂತೆ ಆ ಮೀನಿನ ಮೇಲೆ ಊದುತ್ತದೆ. ನೀರಿನ ಹರಿವು ತಾಕಿದರೆ ಮೀನುಗಳು ಹರಿವಿಗೆ ಎದುರಾಗಿ ತಿರುಗುತ್ತವೆ, ಅದು ಅವುಗಳ ಸಹಜ ಗುಣ. ಹಾಗೆ ತಿರುಗಿದ ಕೂಡಲೇ ಅದರ ತಲೆ ಸಿಂಹಮೀನಿನ ಬಾಯಿಗೆ ನೇರವಾಗಿ ಸಿಗುತ್ತದೆ. ಒಂದೇ ಗುಟುಕಿಗೆ, ತಲೆ ಕಡೆಯಿಂದ, ಒಳಗೆ. ಬೇರೆ ಯಾವ ಮೀನೂ ಬೇಟೆಯಲ್ಲಿ ಈ ತಂತ್ರ ಬಳಸುವುದು ಹೆಚ್ಚಾಗಿ ಕಾಣುವುದಿಲ್ಲ, ಹಾಗಾಗಿ ಹೊಸ ಜಾಗದ ಮೀನುಗಳಿಗೆ ಇದು ಗೊತ್ತೇ ಇರುವುದಿಲ್ಲ.

ಹೊಟ್ಟೆಯೂ ಅಂಥದ್ದೇ. ತಿಂದ ಮೇಲೆ ಅದರ ಜಠರ ಖಾಲಿ ಇದ್ದಾಗಿನ 30 ಪಟ್ಟು ಹಿಗ್ಗಬಲ್ಲದು. ತನ್ನ ಉದ್ದದ ಅರ್ಧದಷ್ಟು ದೊಡ್ಡ ಮೀನನ್ನೂ ನುಂಗುತ್ತದೆ. ಬಹಾಮಾಸ್‌ನಲ್ಲಿ ಒಂದು ಲಯನ್‌ಫಿಶ್ ಅರ್ಧ ಗಂಟೆಯಲ್ಲಿ 20 ಸಣ್ಣ ಮೀನು ತಿಂದಿದ್ದನ್ನು ಸಂಶೋಧಕರು ಕಣ್ಣಾರೆ ನೋಡಿ ಬರೆದಿದ್ದಾರೆ. ಇನ್ನೊಂದು ಕಡೆ, ಆಹಾರವೇ ಸಿಗದಿದ್ದರೂ ಸುಮಾರು ಮೂರು ತಿಂಗಳು ತಡೆದುಕೊಂಡು ಇರುತ್ತದೆ. ಸಿಕ್ಕಾಗ ಹೊಟ್ಟೆ ಬಿರಿಯೆ ತಿನ್ನುವುದು, ಸಿಗದಿದ್ದರೆ ಸುಮ್ಮನೆ ಕೂರುವುದು ಎರಡೂ ಬಲ್ಲ ಪ್ರಾಣಿಯನ್ನು ಹೊಸ ಜಾಗದಿಂದ ಓಡಿಸುವುದು ಬಹಳ ಕಷ್ಟ.

ಈಗ ಅಮೆರಿಕಕ್ಕೆ ಹೋಗೋಣ. ಫ್ಲೋರಿಡಾದ ಡೇನಿಯಾ ಬೀಚ್ ಹತ್ತಿರ 1985ರಲ್ಲಿ ಮೊದಲ ಲಯನ್‌ಫಿಶ್ ಸಿಕ್ಕಿದ್ದು ದಾಖಲಾಗಿದೆ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಬಂದಾಗ ಸಮುದ್ರದ ಪಕ್ಕದ ಮನೆಯ ತೊಟ್ಟಿ ಒಡೆದು ಆರು ಮೀನು ನೀರು ಸೇರಿದವು, ಅಲ್ಲಿಂದಲೇ ಎಲ್ಲ ಶುರು ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ನಿಮ್ಮ ವಿಡಿಯೋದಲ್ಲೂ ಅದೇ ಇರಬಹುದು. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೂ ಏಳು ವರ್ಷ ಮೊದಲೇ ಮೀನು ಅಲ್ಲಿತ್ತು ಅಲ್ವಾ? ಚಂಡಮಾರುತದ ಮೇಲೆ ತಪ್ಪು ಹೊರಿಸಿದರೆ ಮನುಷ್ಯರ ಕೈ ಮರೆತೇ ಹೋಗುತ್ತದೆ. ತೊಟ್ಟಿಯ ಮೀನು ದೊಡ್ಡದಾಯಿತು, ಜೊತೆಗಿದ್ದ ಮೀನುಗಳನ್ನು ತಿಂದಿತು, ಸಾಕುವವರಿಗೆ ಬೇಡವಾಯಿತು, ಕೊಲ್ಲಲು ಮನಸ್ಸು ಬರಲಿಲ್ಲ, ಸಮುದ್ರಕ್ಕೆ ಬಿಟ್ಟರು. ಇಷ್ಟೇ ನಡೆದಿರುವುದು, ಒಂದಲ್ಲ ಹಲವು ಸಲ. ಅವರೆಲ್ಲ ಕೆಟ್ಟವರಲ್ಲ. ಜೀವ ಉಳಿಸಿದೆವು ಅಂತಲೇ ಅಂದುಕೊಂಡಿರುತ್ತಾರೆ.

ಹದಿನೈದು ವರ್ಷ ದೊಡ್ಡ ಸದ್ದೇನೂ ಇರಲಿಲ್ಲ. 2000ದಲ್ಲಿ ಉತ್ತರ ಕೆರೊಲಿನಾ ಕರಾವಳಿಯಲ್ಲಿ, ಬರ್ಮುಡಾದಲ್ಲಿ ಕಂಡಿತು. 2004ರ ಹೊತ್ತಿಗೆ ಬಹಾಮಾಸ್. 2007ರಲ್ಲಿ ಕ್ಯೂಬಾ. ಆಮೇಲೆ ಕೆರಿಬಿಯನ್ ದ್ವೀಪಗಳು ಒಂದಾದ ಮೇಲೊಂದು, 2010ರ ಹೊತ್ತಿಗೆ ಮೆಕ್ಸಿಕೋ ಕೊಲ್ಲಿ. ಮೊದಲಿಗೆ ಸಮುದ್ರ ಸೇರಿದ ಮೀನುಗಳು ಎಷ್ಟು ಕಡಿಮೆ ಇದ್ದವು ಅನ್ನುವುದು ಡಿಎನ್‌ಎಯಲ್ಲೇ ಕಾಣುತ್ತದೆ. ತವರಿನ ಸಮುದ್ರದಲ್ಲಿ ಇರುವ ವೈವಿಧ್ಯದ ಮುಂದೆ ಅಟ್ಲಾಂಟಿಕ್‌ನ ಲಯನ್‌ಫಿಶ್‌ಗಳಲ್ಲಿ ತಾಯಿ ಕಡೆಯ ಡಿಎನ್‌ಎ ಬಗೆಗಳು ಬೆರಳಲ್ಲಿ ಎಣಿಸುವಷ್ಟೇ. ಅಂದರೆ ಕೆಲವೇ ತಾಯಿಮೀನುಗಳ ಸಂತಾನ ಪಶ್ಚಿಮ ಅಟ್ಲಾಂಟಿಕ್‌ನ ದೊಡ್ಡ ಭಾಗ ತುಂಬಿಕೊಂಡಿದೆ. ನನಗೆ ಇಡೀ ವಿಷಯದಲ್ಲಿ ಅತಿ ಜಾಸ್ತಿ ಚಿಂತೆ ಹುಟ್ಟಿಸುವುದು ಇದೇ. "ಒಂದೆರಡು ಮೀನು ಬಿಟ್ಟರೆ ಏನಾಗುತ್ತೆ ಬಿಡ್ರಿ" ಅನ್ನುವ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಅಷ್ಟು ದೂರ ಹೋಗಿದ್ದು ಹೇಗೆ ಅಂತ ಕೇಳಿದಿರಿ. ದೊಡ್ಡ ಲಯನ್‌ಫಿಶ್ ಹೆಚ್ಚು ಓಡಾಡುವುದಿಲ್ಲ. ಒಂದು ದಿಬ್ಬ ಹಿಡಿಸಿದರೆ ಅಲ್ಲೇ ಸುತ್ತಮುತ್ತ ಇರುತ್ತದೆ. ಪ್ರಯಾಣ ಮಾಡುವುದು ಅದರ ಮೊಟ್ಟೆ ಮತ್ತು ಮರಿ. ಹೆಣ್ಣುಮೀನು ಸುಮಾರು ಒಂದು ವರ್ಷಕ್ಕೆ ಬಲಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ಎರಡರಿಂದ ನಾಲ್ಕು ದಿನಕ್ಕೊಮ್ಮೆ ಮೊಟ್ಟೆ ಇಡುತ್ತದೆ, ಅದೂ ವರ್ಷವಿಡೀ. ಸಂಜೆ ಹೊತ್ತಿನಲ್ಲಿ ಗಂಡು ಹೆಣ್ಣು ಒಂದನ್ನೊಂದು ಸುತ್ತುತ್ತಾ ಮೇಲಕ್ಕೆ ಬರುತ್ತವೆ. ಹೆಣ್ಣು ಎರಡು ಲೋಳೆಯ ಉಂಡೆ ಬಿಡುತ್ತದೆ, ಒಂದೊಂದರಲ್ಲೂ ಸಾವಿರಾರು ಮೊಟ್ಟೆ. ಗಂಡು ಅವುಗಳಿಗೆ ಗರ್ಭ ಕಟ್ಟಿಸುತ್ತದೆ. ಲೋಳೆ ಇರುವುದರಿಂದ ಉಂಡೆ ತೇಲುತ್ತದೆ. ಒಂದೂವರೆ ದಿನದಲ್ಲಿ ಮರಿಯಾಗುತ್ತದೆ. ಒಂದು ಹೆಣ್ಣುಮೀನು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ ಇಡುತ್ತದೆ ಅಂತ ಲೆಕ್ಕ.

ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಆ ಮರಿಗಳು 20ರಿಂದ 35 ದಿನ ಸಮುದ್ರದ ಹರಿವಿನ ಜೊತೆ ತೇಲುತ್ತವೆ. ಫ್ಲೋರಿಡಾದ ಪಕ್ಕದಲ್ಲೇ ಗಲ್ಫ್ ಸ್ಟ್ರೀಮ್ ಅನ್ನುವ ದೊಡ್ಡ ಬಿಸಿನೀರಿನ ಹರಿವು ಉತ್ತರಕ್ಕೆ ಹೋಗುತ್ತದೆ. ಒಂದು ತಿಂಗಳು ಅದರಲ್ಲಿ ತೇಲಿದರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೇ ದಕ್ಷಿಣದ ಕೆರಿಬಿಯನ್‌ಗಿಂತ ಮೊದಲು ಉತ್ತರ ಕೆರೊಲಿನಾ, ಬರ್ಮುಡಾ ಮುಟ್ಟಿತು. ನೂರಾರು ಕಿಲೋಮೀಟರ್ ಉತ್ತರಕ್ಕೆ, ಚಳಿಯ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್ ತನಕವೂ ಬೇಸಿಗೆಯಲ್ಲಿ ಮರಿಗಳು ತೇಲಿ ಬಂದು ಸಿಕ್ಕಿವೆ. ಅಲ್ಲಿ ಚಳಿಗಾಲ ದಾಟುವುದಿಲ್ಲ, ಏಕೆಂದರೆ ನೀರು 10 ಡಿಗ್ರಿಗೆ ಇಳಿದರೆ ಲಯನ್‌ಫಿಶ್ ಸಾಯುತ್ತದೆ. 16 ಡಿಗ್ರಿ ಹತ್ತಿರ ಬಂದಾಗಲೇ ತಿನ್ನುವುದು ನಿಲ್ಲಿಸುತ್ತದೆ. ಅದನ್ನು ತಡೆದ ಗಡಿ ಅಂದರೆ ಚಳಿ ಒಂದೇ.

ಆಳ ತಡೆಯಲಿಲ್ಲ. 300 ಮೀಟರ್ ಆಳದಲ್ಲಿ ಜಲಾಂತರ್ಗಾಮಿ ವಾಹನದಿಂದ ನೋಡಿದವರಿದ್ದಾರೆ. ಕಡಿಮೆ ಉಪ್ಪೂ ಪೂರ್ತಿ ತಡೆಯಲಿಲ್ಲ. ಫ್ಲೋರಿಡಾದ ಲಾಕ್ಸಹಾಚಿ ನದಿ ಸಮುದ್ರ ಸೇರುವ ಕಡೆ, ಅಳಿವೆಯಿಂದ 5 ಕಿಲೋಮೀಟರಿಗೂ ಒಳಗೆ ಲಯನ್‌ಫಿಶ್ ಸಿಕ್ಕಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲ್ಲಿ 8 ಗ್ರಾಂ ತನಕ ಇಳಿದ ಜಾಗದಲ್ಲೂ ಅದು ಇತ್ತು. ಹಾಗಾದರೆ ಸಿಹಿನೀರಿಗೂ ಒಗ್ಗಬಹುದಲ್ಲ ಅಂತ ನಿಮಗೆ ಅನಿಸಬಹುದು. ಇಲ್ಲ. ಸಮುದ್ರದ ಮೀನಿನ ರಕ್ತದಲ್ಲಿ ಉಪ್ಪು ಸಮುದ್ರಕ್ಕಿಂತ ಕಡಿಮೆ, ಸಿಹಿನೀರಿಗಿಂತ ಜಾಸ್ತಿ. ಸಮುದ್ರದಲ್ಲಿ ಅದರ ದೇಹದಿಂದ ನೀರು ಹೊರಗೆ ಹೋಗುತ್ತಿರುತ್ತದೆ, ಅದು ಉಪ್ಪುನೀರು ಕುಡಿದು ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಸಿಹಿನೀರಿನಲ್ಲಿ ಎಲ್ಲ ತಿರುಗುಮುರುಗು. ನೀರು ಮೈಯೊಳಗೆ ನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಅದನ್ನು ಸರಿದೂಗಿಸುವ ಅಂಗಾಂಗ ಲಯನ್‌ಫಿಶ್‌ಗೆ ಇಲ್ಲ. ಅಪ್ಪನ ಕೆರೆಯ ನೀರಿನ ಉಪ್ಪು ಸಮುದ್ರದ ಮುಂದೆ ಲೆಕ್ಕಕ್ಕೇ ಇಲ್ಲ, ಅಲ್ಲಿ ಅದಕ್ಕೆ ಸಾವೇ ಗತಿ.

ಇನ್ನು ಹಾನಿ ಎಷ್ಟು ಅನ್ನುವುದು. 2008ರಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಬಹಾಮಾಸ್‌ನ ಸಣ್ಣ ಹವಳದ ದಿಬ್ಬಗಳಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕೆಲವು ದಿಬ್ಬಗಳಿಗೆ ಒಂದೊಂದು ಲಯನ್‌ಫಿಶ್ ಬಿಟ್ಟರು, ಕೆಲವಕ್ಕೆ ಬಿಡಲಿಲ್ಲ. ಐದು ವಾರ ಕಾದರು. ಲಯನ್‌ಫಿಶ್ ಇದ್ದ ಕಡೆ ಹೊಸದಾಗಿ ಸೇರಿಕೊಳ್ಳುವ ಮರಿಮೀನುಗಳ ಸಂಖ್ಯೆ ಸರಾಸರಿ 79% ಕಡಿಮೆಯಾಗಿತ್ತು. ಒಂದೇ ಮೀನು, ಐದೇ ವಾರ. ಇನ್ನೊಂದು ಅಧ್ಯಯನ ಅದೇ ಬಹಾಮಾಸ್‌ನಲ್ಲಿ ಎರಡು ವರ್ಷ ನಡೆಯಿತು. ಲಯನ್‌ಫಿಶ್ ತಿನ್ನುವ 42 ಜಾತಿಯ ಸಣ್ಣ ಮೀನುಗಳ ಒಟ್ಟು ತೂಕ ಸರಾಸರಿ 65% ಇಳಿದಿತ್ತು. ತಿನ್ನಲ್ಪಟ್ಟವುಗಳಲ್ಲಿ ಸ್ನ್ಯಾಪರ್, ಗ್ರೂಪರ್‌ನಂಥ ಬಲೆಗೆ ಬೀಳುವ ಬೆಲೆಬಾಳುವ ಮೀನುಗಳ ಮರಿಗಳೂ ಇದ್ದವು, ಹವಳದ ಮೇಲೆ ಬೆಳೆಯುವ ಪಾಚಿ ಮೇಯುವ ಗಿಳಿಮೀನಿನ ಮರಿಗಳೂ ಇದ್ದವು. ಪಾಚಿ ತಿನ್ನುವವರು ಕಡಿಮೆಯಾದರೆ ಹವಳದ ಮೇಲೆ ಪಾಚಿ ಕವಿಯುತ್ತದೆ. ಮೀನುಗಾರರ ಬಲೆಗೂ, ಹವಳಕ್ಕೂ, ಅದನ್ನು ನೋಡಲು ಬರುವ ಪ್ರವಾಸಿಗರನ್ನು ನಂಬಿದ ಊರಿಗೂ ಪೆಟ್ಟು.

ತವರಿನಲ್ಲಿ ಸುಮ್ಮನಿರುವ ಮೀನು ಅಲ್ಲಿ ಯಾಕೆ ಹೀಗೆ ಅಂತ ಕೇಳಬಹುದು. ಪೆಸಿಫಿಕ್‌ನ ಪಲಾವು ದ್ವೀಪಗಳ ಹತ್ತಿರ ಎಣಿಸಿದಾಗ ಹೆಕ್ಟೇರಿಗೆ ಎರಡು ಮೂರು ಲಯನ್‌ಫಿಶ್ ಮಾತ್ರ ಕಂಡವು. ಬಹಾಮಾಸ್‌ನ ನ್ಯೂ ಪ್ರಾವಿಡೆನ್ಸ್ ದ್ವೀಪದಲ್ಲಿ ಹೆಕ್ಟೇರಿಗೆ ಸುಮಾರು 390! ಕಾರಣ ಒಂದೇ ಅಲ್ಲ. ನಮ್ಮ ಕಡೆಯ ಸಣ್ಣ ಮೀನುಗಳು ಲಕ್ಷಾಂತರ ವರ್ಷಗಳಿಂದ ಇದನ್ನು ನೋಡಿವೆ, ಆ ರೆಕ್ಕೆಯ ಆಕಾರ ಕಂಡರೆ ದೂರ ಇರುತ್ತವೆ. ಅಟ್ಲಾಂಟಿಕ್‌ನ ಮೀನಿಗೆ ಅದು ತೇಲುವ ಕಡಲಪಾಚಿಯ ಗೊಂಚಲೋ ಮೀನೋ ತಿಳಿಯುವುದಿಲ್ಲ. ದೊಡ್ಡ ಮೀನುಗಳಿಗೂ ಇದು ಹೊಸದು, ಮುಳ್ಳಿನ ಈ ತುತ್ತನ್ನು ಅವು ಮುಟ್ಟಲು ಹೋಗುವುದಿಲ್ಲ. ಗ್ರೂಪರ್ ಹೊಟ್ಟೆಯಲ್ಲಿ ಲಯನ್‌ಫಿಶ್ ಸಿಕ್ಕಿದ ಉದಾಹರಣೆಗಳು ಇವೆ, ಆದರೆ ಜನ ಗ್ರೂಪರನ್ನೇ ಅತಿಯಾಗಿ ಹಿಡಿದು ಕಡಿಮೆ ಮಾಡಿಬಿಟ್ಟಿದ್ದಾರೆ. ಮತ್ತೆ, ತವರಿನಲ್ಲಿ ಇದರ ಮೈಗೆ ಹತ್ತುವ ಪರಾವಲಂಬಿ ಹುಳುಗಳು ಅಲ್ಲಿ ಬಹಳ ಕಡಿಮೆ. ನಮ್ಮ ಕಡೆ ಭೀಮೆಯ ದಂಡೆ, ರಸ್ತೆ ಬದಿ, ಪಾಳುಬಿದ್ದ ಹೊಲ ಎಲ್ಲ ತುಂಬಿಕೊಂಡ ಬಳ್ಳಾರಿ ಜಾಲಿಯನ್ನು ನೆನೆಸಿಕೊಳ್ಳಿ. ಅದೂ ಮೆಕ್ಸಿಕೋ ಕಡೆಯ ಗಿಡ, ತವರಿನಲ್ಲಿ ಹತ್ತರಲ್ಲಿ ಒಂದು, ಇಲ್ಲಿ ಬಂದು ಕಡಿದಷ್ಟೂ ಚಿಗುರುತ್ತದೆ.

ಅಟ್ಲಾಂಟಿಕ್ ಕಥೆ ಕೆರಿಬಿಯನ್‌ನಲ್ಲಿ ನಿಲ್ಲಲಿಲ್ಲ. ಅಮೆಜಾನ್ ನದಿ ಸಮುದ್ರಕ್ಕೆ ಸುರಿಯುವ ಸಿಹಿನೀರು, ಕೆಸರು ದೊಡ್ಡ ಗೋಡೆಯಂತೆ ತಡೆಯುತ್ತದೆ, ಬ್ರೆಜಿಲ್‌ಗೆ ಹೋಗಲಾರದು ಅಂತ ಹಲವರು ನಂಬಿದ್ದರು. 2014ರಲ್ಲಿ ರಿಯೊ ಡಿ ಜನೈರೊ ರಾಜ್ಯದ ಅರಾಯಲ್ ದೊ ಕಾಬೊದಲ್ಲಿ ಒಂದು ಲಯನ್‌ಫಿಶ್ ಹಿಡಿದರು, ಅದರ ಡಿಎನ್‌ಎ ಕೆರಿಬಿಯನ್ ಮೀನುಗಳಿಗೇ ಹೊಂದಿತು. 2020ರ ನಂತರ ಫೆರ್ನಾಂಡೊ ದೆ ನೊರೊನ್ಯಾ ದ್ವೀಪ ಮತ್ತು ಬ್ರೆಜಿಲ್‌ನ ಉತ್ತರ ಕರಾವಳಿಯಲ್ಲಿ ಮೇಲಿಂದ ಮೇಲೆ ಸಿಗತೊಡಗಿತು. ಸಿಹಿನೀರು ಹಗುರ, ಮೇಲೆ ಹರಡುತ್ತದೆ. ಅದರ ಕೆಳಗೆ ಆಳದಲ್ಲಿ ಉಪ್ಪುನೀರು, ಕಲ್ಲುದಿಬ್ಬ ಎರಡೂ ಇವೆ. ಆಳದಲ್ಲಿ ಇರಬಲ್ಲ ಮೀನಿಗೆ ಅದು ದಾರಿಯಾಯಿತು.

ಮೆಡಿಟರೇನಿಯನ್ ಸಮುದ್ರಕ್ಕೆ ಹೋದ ದಾರಿಯೇ ಬೇರೆ. ಅಲ್ಲಿ ಮನೆಯ ತೊಟ್ಟಿ ಕಾರಣವಲ್ಲ, ಕಾಲುವೆ. 1869ರಲ್ಲಿ ಸುಯೆಜ್ ಕಾಲುವೆ ತೆರೆದಾಗಿನಿಂದ ಕೆಂಪು ಸಮುದ್ರದ ನೂರಾರು ಜೀವಿಗಳು ಆ ಕಡೆ ದಾಟಿವೆ. ಟೆರಾಯ್ಸ್ ಮೈಲ್ಸ್ 1991ರಲ್ಲಿ ಇಸ್ರೇಲ್ ತೀರದಲ್ಲಿ ಒಂದು ಸಿಕ್ಕಿತು, ಆಮೇಲೆ ಎರಡು ದಶಕ ಸುದ್ದಿಯೇ ಇಲ್ಲ. 2012ರಲ್ಲಿ ಲೆಬನಾನ್‌ನಲ್ಲಿ ಮತ್ತೆ ಕಂಡಿತು, ಸೈಪ್ರಸ್, ಟರ್ಕಿ, ಗ್ರೀಸ್ ಬೇಗ ಬೇಗ ತುಂಬಿತು, 2016ರಲ್ಲಿ ಇಟಲಿ, 2021ರಲ್ಲಿ ಕ್ರೊಯೇಷಿಯಾ. ಮೊದಲ ಸಲ ಬಂದಾಗ ಹಿಡಿಯದ ಬೇರು ಎರಡನೇ ಸಲ ಹಿಡಿಯಿತು. ನಡುವೆ ಆ ಸಮುದ್ರದ ನೀರು ಬೆಚ್ಚಗಾಗಿದ್ದು ಇದಕ್ಕೆ ಅನುಕೂಲವಾಯಿತು.

ಹಾಗಾದರೆ ಹಿಡಿದು ಮುಗಿಸಬಾರದೇ? ಪ್ರಯತ್ನ ಬಹಳ ನಡೆದಿದೆ. ಲಯನ್‌ಫಿಶ್ ಗಾಳಕ್ಕೆ ಅಪರೂಪಕ್ಕೆ ಬೀಳುತ್ತದೆ, ಹಾಗಾಗಿ ಡೈವರ್‌ಗಳು ನೀರಿಗಿಳಿದು ಸಣ್ಣ ಈಟಿಯಿಂದ ಒಂದೊಂದಾಗಿ ಚುಚ್ಚಿ ಹಿಡಿಯಬೇಕು. ಮನುಷ್ಯರನ್ನು ಕಂಡು ಅದು ಓಡುವುದಿಲ್ಲ ಅನ್ನುವುದೊಂದೇ ಸುಲಭ. ಫ್ಲೋರಿಡಾ, ಬಹಾಮಾಸ್‌ನಲ್ಲಿ ಹಿಡಿಯುವ ಸ್ಪರ್ಧೆಗಳನ್ನೇ ಇಡುತ್ತಾರೆ, ಜಾಸ್ತಿ ಹಿಡಿದವರಿಗೆ ಬಹುಮಾನ. 2014ರಿಂದ ಫ್ಲೋರಿಡಾಗೆ ಜೀವಂತ ಲಯನ್‌ಫಿಶ್ ತರುವುದನ್ನೇ ನಿಷೇಧಿಸಿದ್ದಾರೆ. ಮಾಂಸದಲ್ಲಿ ವಿಷ ಇಲ್ಲ, ಬಿಳಿ, ಮೆತ್ತಗಿನ ಮಾಂಸ. ಹೋಲ್ ಫುಡ್ಸ್ ಅಂಗಡಿಗಳು 2016ರಲ್ಲಿ ಫ್ಲೋರಿಡಾದಲ್ಲಿ ಮಾರಾಟ ಶುರು ಮಾಡಿದವು. ಚರ್ಮದಿಂದ ಪರ್ಸ್, ಬೆಲ್ಟ್ ಮಾಡುವವರೂ ಇದ್ದಾರೆ.

ಇದರಿಂದ ಉಪಯೋಗ ಇಲ್ಲವೇ ಅಂದರೆ ಇದೆ. ಬಹಾಮಾಸ್‌ನಲ್ಲಿ ಕೆಲವು ದಿಬ್ಬಗಳ ಲಯನ್‌ಫಿಶ್ ಸಂಖ್ಯೆಯನ್ನು 75ರಿಂದ 95% ಕಡಿಮೆ ಮಾಡಿದಾಗ ಅಲ್ಲಿನ ಸಣ್ಣ ಮೀನುಗಳ ತೂಕ 50ರಿಂದ 70% ಏರಿತು. ಪೂರ್ತಿ ಮುಗಿಸದಿದ್ದರೂ ಪರವಾಗಿಲ್ಲ, ಒಂದು ಮಟ್ಟಕ್ಕೆ ಇಳಿಸಿದರೆ ದಿಬ್ಬ ಚೇತರಿಸಿಕೊಳ್ಳುತ್ತದೆ ಅನ್ನುವುದು ಒಳ್ಳೆಯ ಸುದ್ದಿ. ಆದರೆ ಒಮ್ಮೆ ಮಾಡಿ ಬಿಟ್ಟರೆ ಆಗದು. ದೊಡ್ಡ ಮೀನುಗಳ 27% ಭಾಗವನ್ನು ಪ್ರತಿ ತಿಂಗಳೂ ತೆಗೆಯುತ್ತಿದ್ದರೆ ಮಾತ್ರ ಸಂಖ್ಯೆ ಇಳಿಮುಖ ಆಗುತ್ತದೆ ಅಂತ ಒಂದು ಲೆಕ್ಕಾಚಾರ ಹೇಳುತ್ತದೆ. ಪ್ರತಿ ತಿಂಗಳು, ಸಾವಿರಾರು ಕಿಲೋಮೀಟರ್ ತೀರದಲ್ಲಿ! ಡೈವರ್‌ಗಳು ಮಾಮೂಲಾಗಿ ಹೋಗುವುದು 30-40 ಮೀಟರ್ ಆಳ, ಮೀನು ಇರುವುದು 300 ಮೀಟರ್ ತನಕ. ಮೇಲೆ ಹಿಡಿದಷ್ಟೂ ಕೆಳಗಿನಿಂದ, ಪಕ್ಕದ ದೇಶದಿಂದ ಮರಿಗಳು ತೇಲಿ ಬರುತ್ತವೆ. 2017ರಲ್ಲಿ ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗದಲ್ಲಿ ಲಯನ್‌ಫಿಶ್‌ಗಳ ಮೈಮೇಲೆ ಹುಣ್ಣು ಏಳುವ ರೋಗ ಕಾಣಿಸಿಕೊಂಡು ಅಲ್ಲಿ ಸಂಖ್ಯೆ ಚೆನ್ನಾಗಿಯೇ ಇಳಿಯಿತು. ಆದರೂ ಅಟ್ಲಾಂಟಿಕ್‌ನಿಂದ ಇದು ಇನ್ನು ಹೋಗುವುದಿಲ್ಲ. ಆ ಸಮುದ್ರ ಮೊದಲಿನಂತೆ ಆಗುವುದಿಲ್ಲ ಅಂತ ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಸತ್ಯ ಅದೇ.

ಈಗ ಟ್ಯಾಂಕ್ ಕ್ಲೀನರ್ ಮಾತಿಗೆ ಬರೋಣ. ಅಂಗಡಿಯಲ್ಲಿ ಬೆರಳುದ್ದ ಇದ್ದಾಗ ಕೊಡುತ್ತಾರೆ, ಗಾಜಿನ ಪಾಚಿ ತಿಂದು ಸ್ವಚ್ಛ ಮಾಡುತ್ತದೆ ಅಂತ. ಅದು ದಕ್ಷಿಣ ಅಮೆರಿಕದ ಸಿಹಿನೀರಿನ ಮೀನು. ಮೊಳದುದ್ದ ಬೆಳೆಯುತ್ತದೆ. ಮೈಮೇಲೆ ಗಟ್ಟಿ ಫಲಕಗಳ ಕವಚ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಮೇಲೆ ಬಂದು ಗಾಳಿ ನುಂಗಿ ಜಠರದಿಂದಲೇ ಉಸಿರಾಡುತ್ತದೆ, ಅಂದರೆ ಕೊಳಚೆ ಸೇರಿದ ಕೆರೆಯಲ್ಲಿ ನಮ್ಮ ಮೀನು ಸತ್ತರೂ ಇದು ಬದುಕುತ್ತದೆ. ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ದಂಡೆ ಕುಸಿಯುತ್ತದೆ. ಆಂಧ್ರ, ತೆಲಂಗಾಣದ ಕೆರೆಗಳಲ್ಲಿ, ಕೃಷ್ಣಾ ನದಿಯಲ್ಲಿ ಈಗಾಗಲೇ ಸೇರಿದೆ, ಅಲ್ಲಿನ ಮೀನುಗಾರರ ಬಲೆ ಹರಿಯುತ್ತಿದೆ, ಹಿಡಿದರೂ ಕೊಳ್ಳುವವರಿಲ್ಲ. ನೀವು ಲಯನ್‌ಫಿಶ್ ಬಗ್ಗೆ ಕೇಳಿದ ಪ್ರಶ್ನೆಗೆ, ಅಂದರೆ ಕೆರೆಗೆ ಬಿಟ್ಟರೆ ಇಲ್ಲೂ ಹಾಗೇ ಆಗುತ್ತದಾ ಅನ್ನುವುದಕ್ಕೆ, ಈ ಮೀನಿನ ವಿಷಯದಲ್ಲಿ ಉತ್ತರ ಹೌದು.

ಕೆರೆ ಅಂದರೆ ನಾಲ್ಕು ಕಡೆ ಕಟ್ಟೆ ಇದೆ, ಎಲ್ಲಿಗೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಜೋರು ಮಳೆಗೆ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬೇಕು. ಅಂಥ ನೆರೆಯಲ್ಲಿ ಯಾವ ಕೆರೆಯ ಮೀನು ಯಾವ ಹೊಳೆ ಸೇರಿತು ಅಂತ ಹೇಳುವವರು ಯಾರು? ಕಲಬುರಗಿಯಲ್ಲಿ ಬಿಟ್ಟಿದ್ದು ಭೀಮೆ ಹಿಡಿದು ಯಾದಗಿರಿ ದಾಟಿ ಕೃಷ್ಣೆ ಸೇರುತ್ತದೆ. ಬೀದರಿನಲ್ಲಿ ಬಿಟ್ಟಿದ್ದು ಮಾಂಜ್ರಾ ಹಿಡಿದು ಗೋದಾವರಿ ಸೇರುತ್ತದೆ. ನಮ್ಮ ಮೂರು ಜಿಲ್ಲೆಯಲ್ಲಿ ಕಡಲಿಲ್ಲ, ಆದರೆ ದಕ್ಷಿಣ ಭಾರತದ ಎರಡು ದೊಡ್ಡ ನದಿಗಳ ಬಾಗಿಲು ನಮ್ಮ ಮನೆ ಹಿಂದೆಯೇ ಇದೆ.

ಇದು ಹೊಸ ತಪ್ಪೂ ಅಲ್ಲ. ಮಾರ್ಕೆಟ್‌ನಲ್ಲಿ ನೀವು ನೋಡುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದ್ದು. 1952ರಲ್ಲಿ ಅದನ್ನು ಭಾರತಕ್ಕೆ ತಂದರು, ಜನರಿಗೆ ಅಗ್ಗದ ಆಹಾರ ಸಿಗಲಿ ಅಂತ. ಈಗ ಅದಿಲ್ಲದ ಕೆರೆ ಹುಡುಕುವುದು ಕಷ್ಟ. ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಬಂತು. 2000ದಲ್ಲಿ ಕೇಂದ್ರ ಸರ್ಕಾರ ಅದರ ಸಾಕಣೆ ನಿಷೇಧಿಸಿದರೂ ಕದ್ದು ಸಾಕುವುದು ನಿಂತಿಲ್ಲ. ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನದು. ಭೀಮೆಯ ಹಾವುಮೀನು, ಸಣ್ಣ ಕೆರೆಮೀನುಗಳನ್ನೇ ನಂಬಿ ಬಲೆ ಬೀಸುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಅವರ ಅನ್ನದ ವಿಷಯ ಇದು, ಬರೀ ವಿಜ್ಞಾನದ ವಿಷಯ ಅಲ್ಲ.

ಇನ್ನು, ಲಯನ್‌ಫಿಶ್ ಸಾಕಬೇಕೇ? ನನ್ನನ್ನು ಕೇಳಿದರೆ ಬೇಡ. ಕಾನೂನಿನ ಮಾತಲ್ಲ, ನಮ್ಮ ಊರಿನ ಬಿಸಿಲಿನ ಮಾತು. ಸಮುದ್ರದ ಮೀನಿಗೆ 24ರಿಂದ 27 ಡಿಗ್ರಿಯ ನೀರು ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೆ 42-43 ಡಿಗ್ರಿ ಇರುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಆಗುವುದಿಲ್ಲ, ಅದಕ್ಕೆ ಕರೆಂಟ್ ಹೋಗಬಾರದು. ಬೋರ್‌ವೆಲ್‌ನ ಗಡಸುನೀರು ನಡೆಯದು, ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಪುಡಿ ತೂಗಿ ಬೆರೆಸಬೇಕು. ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ, 400 ಲೀಟರಿಗೆ ಕಡಿಮೆ ತೊಟ್ಟಿ ಸಾಲದು. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಜೊತೆಗೆ ಇಡುವಂತಿಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ, ಅಷ್ಟೂ ವರ್ಷ ನೀವು ಇದನ್ನೆಲ್ಲ ಮಾಡುತ್ತಿರಬೇಕು. ಜೊತೆಗೆ ಅಂಗಡಿಗೆ ಬರುವ ಇಂಥ ಮೀನುಗಳು ಹೆಚ್ಚಾಗಿ ಸಮುದ್ರದಿಂದಲೇ ಹಿಡಿದು ತಂದವು, ತೊಟ್ಟಿಯಲ್ಲಿ ಮರಿ ಮಾಡಿಸಿದವಲ್ಲ. ನೋಡುವ ಆಸೆ ಇದ್ದರೆ ಒಂದು ಸಲ ನೇತ್ರಾಣಿಗೆ ಹೋಗಿ ಬನ್ನಿ, ಆ ಮೀನು ತನ್ನ ಮನೆಯಲ್ಲಿ ತೇಲುವುದು ನೋಡಿದರೆ ತೊಟ್ಟಿಯ ಆಸೆ ಹೋಗುತ್ತದೆ.

ಮುಳ್ಳಿನ ಪ್ರಶ್ನೆ ಬಾಕಿ ಇದೆ. ವಿಷದ ಮುಳ್ಳು 18. ಬೆನ್ನಿನ ಮೇಲೆ 13, ಹೊಟ್ಟೆಯ ಕಡೆ 2, ಬಾಲದ ಹತ್ತಿರ ಕೆಳಗೆ 3. ಅಗಲವಾಗಿ ಹರಡುವ ಪಕ್ಕದ ರೆಕ್ಕೆಯಲ್ಲಿ ವಿಷ ಇಲ್ಲ. ಅದು ಬಂದು ಕಚ್ಚುವುದಿಲ್ಲ, ಮುಳ್ಳು ಚುಚ್ಚಿದರೆ ಒತ್ತಡಕ್ಕೆ ವಿಷ ಗಾಯದೊಳಗೆ ಹೋಗುತ್ತದೆ. ತೊಟ್ಟಿ ತೊಳೆಯುವಾಗಲೇ ಜನ ಹೆಚ್ಚಾಗಿ ಚುಚ್ಚಿಸಿಕೊಳ್ಳುವುದು. ಭಯಂಕರ ಉರಿ, ಊತ, ಕೆಲವರಿಗೆ ವಾಂತಿ, ತಲೆಸುತ್ತು. ಆರೋಗ್ಯವಾಗಿರುವವರು ಸಾಯುವುದು ತೀರಾ ಅಪರೂಪ, ಆದರೆ ಅಲರ್ಜಿ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಅಪಾಯ ಜಾಸ್ತಿ. ಆ ವಿಷ ಪ್ರೋಟೀನ್, ಬಿಸಿಗೆ ಕೆಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಮುಳ್ಳಿನ ತುಂಡು ತೆಗೆದು, ಚುಚ್ಚಿದ ಕೈಯನ್ನು ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ನೀರಿನ ಬಿಸಿಯನ್ನು ಚೆನ್ನಾಗಿರುವ ಕೈಯಿಂದ ಮೊದಲು ನೋಡಿ, ನೋವಿನಲ್ಲಿ ಕೈ ಸುಟ್ಟುಕೊಂಡವರಿದ್ದಾರೆ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ. ಆಮೇಲೆ ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ತಗೊಳ್ಳಿ. ಉಸಿರಾಡಲು ಕಷ್ಟವಾದರೆ ಬಿಸಿನೀರು ಬಿಟ್ಟು ಸೀದಾ ಆಸ್ಪತ್ರೆಗೆ ಓಡಿ.

ಕೊನೆಗೆ, ನಿಮ್ಮ ಟ್ಯಾಂಕ್ ಕ್ಲೀನರ್ ದೊಡ್ಡದಾದರೆ ಏನು ಮಾಡಬೇಕು ಅನ್ನುವುದು. ಮೊದಲು ಕೊಂಡ ಅಂಗಡಿಯವರನ್ನೇ ಕೇಳಿ, ಕೆಲವರು ವಾಪಸ್ ತಗೊಳ್ಳುತ್ತಾರೆ. ಇನ್ನು ಮುಂದೆ ಯಾವ ಮೀನು ಕೊಳ್ಳುವಾಗಲೂ ಈ ಮಾತನ್ನು ದುಡ್ಡು ಕೊಡುವ ಮೊದಲೇ ಆಡಿಬಿಡಿ. ದೊಡ್ಡ ತೊಟ್ಟಿ ಇರುವ ಬೇರೆ ಹವ್ಯಾಸಿಗಳಿಗೆ ಕೊಡಬಹುದು. ಬೀದರಿನಲ್ಲೇ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಜಿಲ್ಲೆಯಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿ ಇದೆ, ಅಲ್ಲಿ ಸಲಹೆ ಕೇಳಿ. ಯಾವ ದಾರಿಯೂ ಸಿಗದಿದ್ದರೆ ಪಶುವೈದ್ಯರನ್ನು ಕೇಳಿ ನೋವಿಲ್ಲದೆ ಸಾಯಿಸಿ ಮಣ್ಣು ಮಾಡುವುದು ಕೆರೆಗೆ ಬಿಡುವುದಕ್ಕಿಂತ ಒಳ್ಳೆಯದು. ಇದನ್ನು ಬರೆಯುವುದು ನನಗೂ ಸುಲಭವಲ್ಲ, ಆದರೂ ಹೇಳಲೇಬೇಕು. ತೊಟ್ಟಿಯ ನೀರು ಬದಲಿಸುವಾಗಲೂ ಹಳೆಯ ನೀರನ್ನು ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ. ಗಪ್ಪಿಯ ಮರಿ, ಬಸವನಹುಳುವಿನ ಮೊಟ್ಟೆ, ಗಿಡದ ತುಂಡು ಅದರಲ್ಲಿ ಇರುತ್ತವೆ. ಸಿಹಿನೀರಿನ ತೊಟ್ಟಿಯದಾದರೆ ಮನೆ ಮುಂದಿನ ಗಿಡದ ಬುಡಕ್ಕೆ ಹಾಕಿ, ಗಿಡಕ್ಕೂ ಗೊಬ್ಬರ ಆಗುತ್ತದೆ.